ಹತ್ತು ಸಾವಿರ ಕಟ್ಟಡಗಳ ಕರೆಂಟ್ ಲೆಕ್ಕ: ಕಟ್ಟಿದ್ದು, ಕೆಟ್ಟಿದ್ದು

ಶುರುವಾಗಿದ್ದು ಒಂದು ಸಣ್ಣ ಪ್ರಶ್ನೆಯಿಂದ. ಊರಿನ ಕಟ್ಟಡಗಳ ಚಾವಣಿಗೆ ಶಾಖ ತಡೆಯುವ ಪದರ ಹಾಕಿಸುವುದಾದರೆ ಯಾವ ಬೀದಿಯಿಂದ ಶುರು ಮಾಡಬೇಕು? ಒಂದೇ ಮನೆಯಾದರೆ ಟೇಪು ಹಿಡಿದು ಅಳೆಯಬಹುದು, ಬಿಲ್ ಕೇಳಿ ನೋಡಬಹುದು. ನನ್ನ ಮುಂದಿದ್ದದ್ದು ಸುಮಾರು ಹತ್ತು ಸಾವಿರ ಕಟ್ಟಡಗಳು. ಅವುಗಳಲ್ಲಿ ಒಂದರ ಒಳಗೂ ನಾನು ಕಾಲಿಟ್ಟಿರಲಿಲ್ಲ.

ಹಾಗಾಗಿ ಒಂದೊಂದು ಕಟ್ಟಡವೂ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಬೇಕಿತ್ತು. ಇಂಥ ಲೆಕ್ಕಕ್ಕೆ ಒಳ್ಳೆಯ ತಂತ್ರಾಂಶಗಳು ಆಗಲೇ ಇವೆ. ಬಿಡಿ ಕಟ್ಟಡಕ್ಕೆ ಅಮೆರಿಕದ ಇಂಧನ ಇಲಾಖೆಯ ಎನರ್ಜಿಪ್ಲಸ್ ಬಹಳ ಗಟ್ಟಿ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಟಿ ಎನರ್ಜಿ ಅನಲಿಸ್ಟ್ ಇಡೀ ಬಡಾವಣೆಗೆಂದೇ ಬರೆದದ್ದು. 2016ರಲ್ಲಿ ಎಂಐಟಿಯವರು ಬಾಸ್ಟನ್ ನಗರದ 83 ಸಾವಿರಕ್ಕೂ ಹೆಚ್ಚು ಕಟ್ಟಡಗಳ ಮಾಡೆಲ್ ಮಾಡಿ ತೋರಿಸಿದ್ದರು. ಆದರೂ ನಾನೇ ಪೈಥಾನ್‌ನಲ್ಲಿ ಬರೆಯಲು ಹೊರಟೆ. ಕೊನೆಗೆ ಬರುವ ಪ್ರತಿ ಸಂಖ್ಯೆಯೂ ಎಲ್ಲಿಂದ ಬಂತು ಅಂತ ಬೆರಳಿಟ್ಟು ತೋರಿಸಲು ನನಗೆ ಬರಬೇಕಿತ್ತು.

ನಕ್ಷೆ

ಕಟ್ಟಡಗಳ ಆಕಾರ ಜನರೇ ಸೇರಿ ಬಿಡಿಸುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬಂತು. ಒಂದೊಂದು ಕಟ್ಟಡವೂ ಒಂದು ಪಾಲಿಗಾನ್, ಅಂದರೆ ನೇರ ಗೆರೆಗಳಿಂದ ಮುಚ್ಚಿದ ಆಕಾರ. ಕೆಲವಕ್ಕೆ ಮಹಡಿಗಳ ಸಂಖ್ಯೆ ಬರೆದಿರುತ್ತದೆ, ಕೆಲವಕ್ಕೆ ಎತ್ತರ, ಬಹಳಷ್ಟಕ್ಕೆ ಎರಡೂ ಇಲ್ಲ. ಮಹಡಿ ಗೊತ್ತಿದ್ದರೆ ಒಂದಕ್ಕೆ 3 ಮೀಟರ್ ಹಿಡಿದೆ. ಎರಡೂ ಗೊತ್ತಿಲ್ಲದ ಕಟ್ಟಡಕ್ಕೆ ಅಕ್ಕಪಕ್ಕದ, ಅದೇ ಬಳಕೆಯ ಕಟ್ಟಡಗಳನ್ನು ನೋಡಿ ತುಂಬಿದೆ. ಇದು ಊಹೆಯೇ. ಹಾಗಾಗಿ ಯಾವುದು ಅಳತೆ, ಯಾವುದು ಊಹೆ ಅಂತ ಪ್ರತಿ ಸಾಲಿನಲ್ಲೂ ಒಂದು ಗುರುತು ಇಟ್ಟೆ. ಈ ಗುರುತು ಮುಂದೆ ತುಂಬ ಉಪಯೋಗಕ್ಕೆ ಬಂತು.

ಇನ್ನೊಂದು ವಿಷಯ. ಒಂದೇ ಕಟ್ಟಡವನ್ನು ಕೆಲವರು ಎರಡು ಸಲ ಬಿಡಿಸಿರುತ್ತಾರೆ: ಹೊರಗಿನ ಗೆರೆ ಒಮ್ಮೆ, ಅದರ ಭಾಗಗಳು ಇನ್ನೊಮ್ಮೆ. ಭಾಗಗಳನ್ನು ತೆಗೆಯದಿದ್ದರೆ ಅದೇ ನೆಲ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ.

ಮೊದಲ ದೊಡ್ಡ ತಪ್ಪು ಇಲ್ಲೇ ಆಯಿತು. ಮೊದಲ ಓಟದಲ್ಲಿ ಊರಿನ ಒಟ್ಟು ಬಳಕೆ ವಿಪರೀತ ಜಾಸ್ತಿ ಬಂತು. ಗೋಡೆ, ಗಾಜು, ಜನ ಎಲ್ಲವನ್ನೂ ಅನುಮಾನಿಸಿ ಎರಡು ದಿನ ಕಳೆದೆ. ಕೊನೆಗೆ ನಕ್ಷೆಯಲ್ಲಿ ಒಂದು ಫುಟ್‌ಬಾಲ್ ಮೈದಾನ ಹುಡುಕಿ ಅದರ ವಿಸ್ತೀರ್ಣ ಕೇಳಿದೆ. ಮೈದಾನದ ಅಳತೆ 105 ಮತ್ತು 68 ಮೀಟರ್. ಅಂದರೆ 7,140 ಚದರ ಮೀಟರ್. ನನ್ನ ಕೋಡ್ ಹೇಳಿದ್ದು ಸುಮಾರು 9,500.

ಕಾರಣ ಪ್ರೊಜೆಕ್ಷನ್, ಅಂದರೆ ದುಂಡು ಭೂಮಿಯನ್ನು ನಕ್ಷೆಗೆ ಇಳಿಸುವ ವಿಧಾನ. ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲಿ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವಗಳ ಕಡೆ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. ಸಮಭಾಜಕದ ಹತ್ತಿರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 30 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ಮೂರನೇ ಒಂದು ಪಾಲು ಜಾಸ್ತಿ ಕಾಣುತ್ತದೆ, 45ರಲ್ಲಿ ಎರಡು ಪಟ್ಟು, 60ರಲ್ಲಿ ನಾಲ್ಕು ಪಟ್ಟು. ನಾನು ತೆಗೆದುಕೊಂಡ ಊರು 30ರ ಆಸುಪಾಸಿನದು. ಆ ಜಾಗಕ್ಕೆ ಹೊಂದುವ ಯುಟಿಎಂ ವಲಯಕ್ಕೆ (ಒಂದು ಕಿರಿದಾದ ಪಟ್ಟಿಯೊಳಗೆ ಅಳತೆಯನ್ನು ಹೆಚ್ಚು ಕೆಡಿಸದ ಪ್ರೊಜೆಕ್ಷನ್) ಬದಲಾಯಿಸಿದ ಮೇಲೆ ಮೈದಾನ ತನ್ನ ಅಳತೆಗೆ ಬಂತು. ಈಗ ಹೊಸ ಊರಿನ ಡೇಟಾ ಬಂದರೆ ನನ್ನ ಮೊದಲ ಕೆಲಸ ಅಳತೆ ಗೊತ್ತಿರುವ ಒಂದು ಮೈದಾನವನ್ನು ಹುಡುಕುವುದು.

ಅಂಟಿಕೊಂಡ ಗೋಡೆಗಳು

ಸಾಲು ಮನೆಗಳಲ್ಲಿ ಎರಡು ಬದಿಯ ಗೋಡೆಗೆ ಹೊರಗಿನ ಗಾಳಿ ತಾಗುವುದೇ ಇಲ್ಲ. ಇದನ್ನು ಬಿಟ್ಟರೆ ಎಷ್ಟು ಹಾಳಾಗುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. 10 ಮೀಟರ್ ಉದ್ದ, 10 ಮೀಟರ್ ಅಗಲ, ಮೂರು ಮಹಡಿ, 9 ಮೀಟರ್ ಎತ್ತರದ ಕಟ್ಟಡ ಅಂದುಕೊಳ್ಳಿ. ಒಟ್ಟು ಗೋಡೆ 360 ಚದರ ಮೀಟರ್. ಯಾವ ಪದರವೂ ಇಲ್ಲದ ಇಟ್ಟಿಗೆ ಗೋಡೆಗೆ ಯು-ವ್ಯಾಲ್ಯೂ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಪ್ರತಿ ಚದರ ಮೀಟರ್‌ನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಅನ್ನುವ ಸಂಖ್ಯೆ) 2 ಅಂತ ಹಿಡಿದರೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 720 ವ್ಯಾಟ್ ಶಾಖ ಗೋಡೆ ದಾಟಿ ಹೋಗುತ್ತದೆ. ಎರಡು ಗೋಡೆ ಅಂಟಿಕೊಂಡಿದ್ದರೆ ನಿಜವಾಗಿ ದಾಟುವುದು 360. ಒಳಗೂ ಹೊರಗೂ 10 ಡಿಗ್ರಿ ವ್ಯತ್ಯಾಸವಿದ್ದರೆ 3.6 ಕಿಲೋವ್ಯಾಟ್ ಸುಳ್ಳು ನಷ್ಟ. ಒಂದು ದಿನಕ್ಕೆ 86 ಯೂನಿಟ್. ಇದು ಸಣ್ಣ ಮಾತಲ್ಲ, ಅಲ್ವಾ?

ಅಂಟಿದ ಗೋಡೆ ಹುಡುಕುವುದು ಸುಲಭ ಅಂದುಕೊಂಡಿದ್ದೆ. ಎರಡು ಪಾಲಿಗಾನ್ ಒಂದನ್ನೊಂದು ಮುಟ್ಟುತ್ತವಾ ಅಂತ ಕೇಳಿದರಾಯಿತು ಅಂತ. ಆದರೆ ನಕ್ಷೆ ಬಿಡಿಸಿದವರ ಕೈ ಅಷ್ಟು ಕರಾರುವಾಕ್ಕಾಗಿರುವುದಿಲ್ಲ. ನಡುವೆ ಒಂದು ಗೇಣು ಜಾಗ ಉಳಿದಿರುತ್ತದೆ, ಇಲ್ಲವೇ ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತದೆ. ಕೊನೆಗೆ ಹೀಗೆ ಮಾಡಿದೆ: ಪ್ರತಿ ಗೋಡೆಯನ್ನು ಒಂದೊಂದು ಮೀಟರ್ ತುಂಡು ಮಾಡಿ, ತುಂಡಿನ ನಡುವಿನಿಂದ ಅರ್ಧ ಮೀಟರ್ ಹೊರಗೆ ಒಂದು ಚುಕ್ಕಿ ಇಟ್ಟೆ. ಆ ಚುಕ್ಕಿ ಬೇರೊಂದು ಕಟ್ಟಡದೊಳಗೆ ಬಿದ್ದರೆ ಅದು ಅಂಟಿದ ಗೋಡೆ. ಅದೂ ಎಷ್ಟು ಎತ್ತರದವರೆಗೆ? ಎರಡರಲ್ಲಿ ಗಿಡ್ಡ ಕಟ್ಟಡದ ಎತ್ತರದವರೆಗೆ ಮಾತ್ರ. ಮೂರು ಮಹಡಿಯ ಪಕ್ಕ ಒಂದು ಮಹಡಿಯ ಮನೆ ಇದ್ದರೆ ಮೇಲಿನ ಎರಡು ಮಹಡಿಯ ಗೋಡೆ ಬಿಸಿಲಿಗೇ ಸೇರಿದ್ದು.

ಗೋಡೆ, ಕಿಟಕಿ, ಚಾವಣಿಗಳ ಗುಣವನ್ನು ಕಟ್ಟಡದ ಬಳಕೆ ಮತ್ತು ವಯಸ್ಸಿನ ಪ್ರಕಾರ ಗುಂಪು ಮಾಡಿ ಕೊಟ್ಟೆ. ಈ ಕ್ಷೇತ್ರದವರು ಅದನ್ನು ಆರ್ಕಿಟೈಪ್ ಅನ್ನುತ್ತಾರೆ. ಒಂದು ಪದರದ ಗಾಜಿಗೆ ಯು-ವ್ಯಾಲ್ಯೂ ಸುಮಾರು 5.8, ನಡುವೆ ಗಾಳಿ ಇರುವ ಎರಡು ಪದರದ ಗಾಜಿಗೆ 2.8ರ ಹತ್ತಿರ. ಹಳೆಯ ಮನೆ, ಹೊಸ ಮನೆ, ಕಚೇರಿ, ಅಂಗಡಿ, ಶಾಲೆ ಹೀಗೆ ಹನ್ನೆರಡು ಗುಂಪಾದವು.

ಲೆಕ್ಕದ ಎಂಜಿನ್

ಪ್ರತಿ ಕಟ್ಟಡಕ್ಕೂ ವರ್ಷದ 8,760 ಗಂಟೆಗಳ ಲೆಕ್ಕ ಬೇಕು. ಹತ್ತು ಸಾವಿರ ಕಟ್ಟಡಕ್ಕೆ ಅದು 8.76 ಕೋಟಿ ಹೆಜ್ಜೆ. ಹಾಗಾಗಿ ಹಗುರವಾದ ಮಾಡೆಲ್ ಬೇಕಿತ್ತು. ಕಟ್ಟಡಗಳ ಶಕ್ತಿ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13790ರಲ್ಲಿರುವ ಗಂಟೆವಾರು ಸರಳ ವಿಧಾನ ಆರಿಸಿಕೊಂಡೆ. 2017ರಲ್ಲಿ ಅದರ ಜಾಗಕ್ಕೆ ಐಎಸ್‌ಒ 52016 ಬಂದಿದೆ. ಆದರೂ ಊರಿನ ಮಟ್ಟದ ಕೆಲಸಕ್ಕೆ ಹಳೆಯದು ಇನ್ನೂ ಚೆನ್ನಾಗಿ ನಡೆಯುತ್ತದೆ.

ಇದರಲ್ಲಿ ಇಡೀ ಕಟ್ಟಡ ಒಂದು ಸಣ್ಣ ಎಲೆಕ್ಟ್ರಿಕ್ ಸರ್ಕ್ಯೂಟ್. ಐದು ರೆಸಿಸ್ಟರ್, ಒಂದು ಕೆಪ್ಯಾಸಿಟರ್. ರೆಸಿಸ್ಟರ್‌ಗಳು ಶಾಖ ಹರಿಯುವ ದಾರಿಗಳು: ಕಿಟಕಿ, ಗೋಡೆ, ಒಳಗೆ ಬರುವ ಗಾಳಿ. ಕೆಪ್ಯಾಸಿಟರ್ ಅಂದರೆ ಗೋಡೆ ಮತ್ತು ನೆಲದ ಭಾರ. ಅದು ಹಗಲು ಶಾಖವನ್ನು ಕುಡಿದು ರಾತ್ರಿ ಬಿಡುತ್ತದೆ. ಒಂದು ಡಿಗ್ರಿ ಏರಲು ಹಗುರ ಕಟ್ಟಡಕ್ಕೆ ನೆಲದ ಪ್ರತಿ ಚದರ ಮೀಟರ್‌ಗೆ 1,10,000 ಜೂಲ್, ಭಾರದ್ದಕ್ಕೆ 2,60,000.

ಪ್ರತಿ ಗಂಟೆ ನಡೆಯುವುದು ಇಷ್ಟು. ಮೊದಲು ಏಸಿ, ಹೀಟರ್ ಯಾವುದೂ ಇಲ್ಲದಿದ್ದರೆ ಒಳಗಿನ ಉಷ್ಣತೆ ಎಷ್ಟಾಗುತ್ತಿತ್ತು ಅಂತ ಲೆಕ್ಕ. ಅದು ಜನರಿಗೆ ಹಿತವಾದ ಮಿತಿಯೊಳಗಿದ್ದರೆ ಏನೂ ಬೇಡ. ಇಲ್ಲದಿದ್ದರೆ ಪ್ರತಿ ಚದರ ಮೀಟರ್‌ಗೆ 10 ವ್ಯಾಟ್ ಕೊಟ್ಟು ಇನ್ನೊಮ್ಮೆ ಲೆಕ್ಕ. ಎರಡು ಉತ್ತರಗಳ ನಡುವೆ ನೇರ ಗೆರೆ ಎಳೆದರೆ ಬೇಕಾದ ಶಕ್ತಿ ಸಿಗುತ್ತದೆ. ಎಲ್ಲವೂ ನೇರ ಗೆರೆಯ ಸಂಬಂಧಗಳಾದ್ದರಿಂದ ಇಷ್ಟೇ ಸಾಕು, ಹುಡುಕಾಟ ಬೇಡ. ನನಗೆ ಈ ಉಪಾಯ ತುಂಬ ಇಷ್ಟ.

ಕೋಡ್‌ನಲ್ಲಿ ಹೊರಗಿನ ಲೂಪ್ ಗಂಟೆಗಳದ್ದು. ಒಳಗೆ ಎಲ್ಲ ಕಟ್ಟಡಗಳೂ ಒಂದೇ ನಂಪೈ ಅರೇಯಲ್ಲಿ (ಪೈಥಾನ್‌ನಲ್ಲಿ ಸಂಖ್ಯೆಗಳನ್ನು ಒಟ್ಟಿಗೆ ಇಡುವ ಪಟ್ಟಿ) ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಕಟ್ಟಡದ ಈ ಗಂಟೆಯ ಸ್ಥಿತಿ ಹಿಂದಿನ ಗಂಟೆಯ ಮೇಲೆ ನಿಂತಿದೆ, ಪಕ್ಕದ ಮನೆಯ ಮೇಲಲ್ಲ. ಹಾಗಾಗಿ ಲೂಪ್ ಈ ಕ್ರಮದಲ್ಲೇ ಇರಬೇಕು. ಎಲ್ಲ ಗಂಟೆಗಳ ಉತ್ತರವನ್ನೂ ಉಳಿಸಲು ಹೋದರೆ ಒಂದೊಂದು ಅರೇಗೂ 700 ಎಂಬಿ ಬೇಕು. ಆದ್ದರಿಂದ ತಿಂಗಳ ಮೊತ್ತ ಮತ್ತು ಊರಿನ ಗಂಟೆವಾರು ಮೊತ್ತ ಮಾತ್ರ ಇಟ್ಟುಕೊಂಡೆ.

ಊರಿಗೆ ಓಡಿಸುವ ಮೊದಲು ಒಂದು ಡಬ್ಬಿಯ ಮೇಲೆ ಪರೀಕ್ಷೆ ಮಾಡಿದೆ. ಇದಕ್ಕೆಂದೇ ಬೆಸ್ಟೆಸ್ಟ್ ಅನ್ನುವ ಪ್ರಸಿದ್ಧ ಪರೀಕ್ಷೆಗಳಿವೆ. 8 ಮೀಟರ್ ಉದ್ದ, 6 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆ, ದಕ್ಷಿಣಕ್ಕೆ 12 ಚದರ ಮೀಟರ್ ಗಾಜು. 600ನೇ ಕೇಸಿನಲ್ಲಿ ಗೋಡೆ ಹಗುರ, 900ರಲ್ಲಿ ಭಾರ. 1995ರ ಮೂಲ ವರದಿಯಲ್ಲಿ ಬೇರೆ ಬೇರೆ ತಂತ್ರಾಂಶಗಳು ಹಗುರ ಕೋಣೆಗೆ ವರ್ಷಕ್ಕೆ ಸುಮಾರು 6 ರಿಂದ 8 ಸಾವಿರ ಯೂನಿಟ್ ಕೂಲಿಂಗ್ ಹೇಳಿದ್ದವು. ಭಾರದ್ದಕ್ಕೆ ಸುಮಾರು 2 ರಿಂದ 3.5 ಸಾವಿರ. ಗೋಡೆಯ ಭಾರ ಒಂದೇ ಅಷ್ಟು ವ್ಯತ್ಯಾಸ ಮಾಡುತ್ತದೆ.

ನನ್ನ ಕೋಡ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿತು. ಗೋಡೆಯ ಉಷ್ಣತೆಯ ಗ್ರಾಫ್ ತೆಗೆದು ನೋಡಿದೆ. ನಾನು ಜನವರಿ 1ಕ್ಕೆ ಕೊಟ್ಟ 20 ಡಿಗ್ರಿಯ ಹತ್ತಿರವೇ ದಿನವಿಡೀ, ವಾರವಿಡೀ ನೇರ ಗೆರೆ. ಹಗಲು ರಾತ್ರಿಯ ಅಲೆಯೇ ಇಲ್ಲ. ಜೂಲ್‌ನಲ್ಲಿದ್ದ ಕೆಪ್ಯಾಸಿಟಿಯನ್ನು 3,600ರಿಂದ ಭಾಗಿಸಿ ವ್ಯಾಟ್-ಅವರ್‌ಗೆ ತರುವುದು ಬಿಟ್ಟುಹೋಗಿತ್ತು. ಅಂದರೆ ಪ್ರತಿ ಗೋಡೆಯೂ 3,600 ಪಟ್ಟು ಭಾರವಾಗಿತ್ತು. ಒಂದು ಸಾಲು ತಿದ್ದಿದ ಮೇಲೆ ಎರಡು ಕೇಸುಗಳೂ ದೂರ ದೂರ ಹೋಗಿ ಕೂತವು. ಊರಿನ ಮೇಲೆ ನೇರವಾಗಿ ಓಡಿಸಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಬಿಸಿಲಿನ ಗಡಿಯಾರ

ಹವಾಮಾನಕ್ಕೆ ಮೊದಲು ಇಪಿಡಬ್ಲ್ಯು ಫೈಲ್, ಅಂದರೆ ಒಂದು ವರ್ಷದ ಗಂಟೆವಾರು ಹವಾಮಾನದ ಪಟ್ಟಿ ಬಳಸಿದೆ. ಮೇಲೆ ಎಂಟು ಸಾಲು ವಿವರ, ಆಮೇಲೆ 8,760 ಸಾಲು ಡೇಟಾ. ಇದರಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಖಾಲಿ ಜಾಗಗಳು. ಅಳತೆ ಇಲ್ಲದ ಗಂಟೆಗೆ ಉಷ್ಣತೆಯಲ್ಲಿ 99.9, ಬಿಸಿಲಿನಲ್ಲಿ 9999 ಅಂತ ಬರೆದಿರುತ್ತಾರೆ. ವಾತಾವರಣದ ಹೊರಗೇ ಬಿಸಿಲು ಚದರ ಮೀಟರ್‌ಗೆ ಸುಮಾರು 1,361 ವ್ಯಾಟ್. ಅದಕ್ಕಿಂತ ಜಾಸ್ತಿ ಏನು ಕಂಡರೂ ಕೋಡ್ ನಿಲ್ಲುವಂತೆ ಮಾಡಿದೆ.

ಎರಡನೆಯದು ಹೆಚ್ಚು ಕಳ್ಳ. ಫೈಲಿನಲ್ಲಿ "ಗಂಟೆ 10" ಅಂದರೆ 9ರಿಂದ 10ರವರೆಗಿನ ಬಿಸಿಲು. ನಾನು ಸೂರ್ಯನ ಜಾಗವನ್ನು ಸರಿಯಾಗಿ 10 ಗಂಟೆಗೆ ಲೆಕ್ಕ ಹಾಕಿದ್ದೆ. 9:30ಕ್ಕೆ ಹಾಕಬೇಕಿತ್ತು. ಗಂಟೆಗೆ ಸೂರ್ಯ 15 ಡಿಗ್ರಿ ಸರಿಯುತ್ತಾನೆ. ಅರ್ಧ ಗಂಟೆ ಅಂದರೆ ಏಳೂವರೆ ಡಿಗ್ರಿ ಪಡುವಣಕ್ಕೆ. ಊರಿನ ಎಲ್ಲ ಮೂಡಣ ಕಿಟಕಿಗಳಿಗೂ ಬಿಸಿಲು ಕಡಿಮೆಯಾಗಿ, ಎಲ್ಲ ಪಡುವಣ ಕಿಟಕಿಗಳಿಗೂ ಜಾಸ್ತಿಯಾಗಿತ್ತು.

ಕಂಡುಹಿಡಿದದ್ದು ಒಂದು ಸರಳ ತಾಳೆಯಿಂದ. ಫೈಲಿನಲ್ಲಿ ಮೂರು ಬಿಸಿಲುಗಳಿವೆ: ನೇರ ಬಿಸಿಲು, ಆಕಾಶದಿಂದ ಚದುರಿ ಬರುವುದು, ಸಮತಟ್ಟು ನೆಲದ ಮೇಲೆ ಒಟ್ಟಾಗಿ ಬೀಳುವುದು. ನೇರ ಬಿಸಿಲನ್ನು ಸೂರ್ಯನ ಎತ್ತರದ ಸೈನ್‌ನಿಂದ ಗುಣಿಸಿ ಚದುರಿದ್ದನ್ನು ಕೂಡಿಸಿದರೆ ಒಟ್ಟು ಬರಬೇಕು. ನನಗೆ ಬೆಳಿಗ್ಗೆ ಯಾವಾಗಲೂ ಹೆಚ್ಚು, ಸಂಜೆ ಯಾವಾಗಲೂ ಕಡಿಮೆ ಬರುತ್ತಿತ್ತು. ಅರ್ಧ ಗಂಟೆ ಹಿಂದಕ್ಕೆ ಸರಿಸಿದೆ. ತಾಳೆಯಾಯಿತು.

ಯಾವ ತಪ್ಪಿಗೆ ಹೆದರಬೇಕು

ಈ ಹೊತ್ತಿಗೆ ನನ್ನ ಕೆಲಸದ ರೀತಿಯೇ ಬದಲಾಗಿತ್ತು. ಮೊದಮೊದಲು ಒಂದೊಂದು ಕಟ್ಟಡದ ಮಹಡಿ, ಕಿಟಕಿ ಸರಿಯಿದೆಯಾ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಪ್ರತಿ ಕಟ್ಟಡದ ಉತ್ತರದಲ್ಲೂ 40 ಶೇಕಡಾ ತಪ್ಪಿದೆ, ಆದರೆ ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಅಂದುಕೊಳ್ಳಿ. ಒಂದೇ ಗಾತ್ರದ 100 ಕಟ್ಟಡ ಕೂಡಿಸಿದರೆ ಮೊತ್ತದ ತಪ್ಪು 4 ಶೇಕಡಾಕ್ಕೆ ಇಳಿಯುತ್ತದೆ. ಹತ್ತು ಸಾವಿರ ಕೂಡಿಸಿದರೆ 0.4. ಕೆಲವು ಹೆಚ್ಚು, ಕೆಲವು ಕಡಿಮೆ, ಒಂದನ್ನೊಂದು ತಿಂದು ಹಾಕುತ್ತವೆ.

ಆದರೆ ಪ್ರೊಜೆಕ್ಷನ್ ತಪ್ಪು ಹಾಗಲ್ಲ. ಅದು ಹತ್ತು ಸಾವಿರ ಕಟ್ಟಡಗಳನ್ನೂ ಒಂದೇ ಕಡೆಗೆ ತಳ್ಳುತ್ತದೆ. ಗಡಿಯಾರದ ತಪ್ಪೂ ಅಷ್ಟೇ, 3,600ರದ್ದೂ ಅಷ್ಟೇ. ಎಷ್ಟು ಕಟ್ಟಡ ಕೂಡಿಸಿದರೂ ಅವು ಕರಗುವುದಿಲ್ಲ. ಅಂದಿನಿಂದ ನನ್ನ ಸಮಯವನ್ನೆಲ್ಲ ಎಲ್ಲ ಕಟ್ಟಡಗಳೂ ಹಂಚಿಕೊಳ್ಳುವ ವಿಷಯಗಳ ಮೇಲೇ ಹಾಕಿದೆ.

ಹಾಗೆ ಹುಡುಕುವಾಗ ಸಿಕ್ಕಿದ್ದು ವೇಳಾಪಟ್ಟಿ. ಎಲ್ಲ ಮನೆಗಳಿಗೂ ಒಂದೇ ದಿನಚರಿ ಕೊಟ್ಟಿದ್ದೆ. ಸಂಜೆ 6ಕ್ಕೆ ಸರಿಯಾಗಿ ಊರಿಗೆ ಊರೇ ಏಸಿ ಹಾಕುತ್ತಿತ್ತು. ವರ್ಷದ ಮೊತ್ತಕ್ಕೆ ಇದರಿಂದ ಅಷ್ಟು ತೊಂದರೆಯಿಲ್ಲ. ಆದರೆ ಸಂಜೆಯ ಪೀಕ್ ಲೋಡ್ ಗೋಪುರದ ಹಾಗೆ ಎದ್ದು ನಿಂತಿತ್ತು. ಪ್ರತಿ ಮನೆಯ ಸಮಯವನ್ನೂ ಬೇರೆ ಬೇರೆಯಾಗಿ ಹಿಂದೆ ಮುಂದೆ ಸರಿಸಿದ ಮೇಲೆ ಅದು ಗುಡ್ಡದ ಹಾಗೆ ಹರಡಿಕೊಂಡಿತು. ಟ್ರಾನ್ಸ್‌ಫಾರ್ಮರ್ ಗಾತ್ರ ನಿರ್ಧರಿಸುವವರಿಗೆ ಮೊದಲಿನ ಗ್ರಾಫ್ ಕೊಟ್ಟಿದ್ದರೆ ದೊಡ್ಡ ತಪ್ಪಾಗುತ್ತಿತ್ತು.

ಬಿಲ್ಲಿನ ಎದುರು

ಬಿಡಿ ಮನೆಯ ಬಿಲ್ ಸಿಗುವುದಿಲ್ಲ, ಸಿಗಲೂ ಬಾರದು. ಅದು ಆ ಮನೆಯವರ ಖಾಸಗಿ ವಿಷಯ. ಬ್ಲಾಕ್‌ವಾರು ತಿಂಗಳ ಮೊತ್ತ ಸಿಕ್ಕಿತು. ಮೊದಲ ಹೋಲಿಕೆಯಲ್ಲಿ ಬಿಲ್ಲಿನ ಬೇಸಿಗೆ ನನ್ನ ಬೇಸಿಗೆಗಿಂತ ತಡವಾಗಿ ಬರುತ್ತಿತ್ತು. ಮೀಟರ್ ಓದುವ ದಿನ ತಿಂಗಳ ಮೊದಲ ದಿನ ಆಗಿರುವುದಿಲ್ಲವಲ್ಲ. ಒಂದು ತಿಂಗಳ ಬಿಲ್ಲಿನಲ್ಲಿ ಹಿಂದಿನ ತಿಂಗಳ ಬಹುಪಾಲು ಇರುತ್ತದೆ. ರೀಡಿಂಗ್ ದಿನಗಳ ಪ್ರಕಾರ ನನ್ನ ಗಂಟೆಗಳನ್ನೇ ಕತ್ತರಿಸಿ ಕೂಡಿಸಿದೆ.

ಹವಾಮಾನವನ್ನೂ ಬದಲಾಯಿಸಬೇಕಾಯಿತು. ನಾನು ಬಳಸಿದ ಇಪಿಡಬ್ಲ್ಯು ಫೈಲ್ "ಸಾಧಾರಣ ವರ್ಷ"ದ್ದು. ಜನವರಿ ಒಂದು ವರ್ಷದ್ದು, ಫೆಬ್ರವರಿ ಇನ್ನೊಂದರದ್ದು. ಅದನ್ನು ನಿಜವಾದ ಒಂದು ವರ್ಷದ ಬಿಲ್ಲಿಗೆ ಹೋಲಿಸುವುದು ಸರಿಯಲ್ಲ. ಹಾಗಾಗಿ ಅದೇ ವರ್ಷದ ಇಆರ್‌ಎ5 ಡೇಟಾ (ಯುರೋಪಿನ ಹವಾಮಾನ ಕೇಂದ್ರದ, ಇಡೀ ಭೂಮಿಯ ಗಂಟೆವಾರು ದಾಖಲೆ) ತಂದೆ. ಅಲ್ಲಿ ಸಮಯ ಊರಿನದಲ್ಲ, ಜಾಗತಿಕ ಯುಟಿಸಿಯಲ್ಲಿ, ಬಿಸಿಲು ಗಂಟೆಯ ಮೊತ್ತವಾಗಿ ಜೂಲ್‌ನಲ್ಲಿ. ಈ ಸಲ 3,600 ಮರೆಯಲಿಲ್ಲ. ಅದರ ಒಂದು ಚೌಕ ಸುಮಾರು 31 ಕಿಲೋಮೀಟರ್. ಊರಿನ ಕಾಂಕ್ರೀಟು ರಾತ್ರಿ ಉಳಿಸಿಕೊಳ್ಳುವ ಬಿಸಿ ಅಷ್ಟು ದೊಡ್ಡ ಚೌಕಕ್ಕೆ ಕಾಣುವುದಿಲ್ಲ. ಅದನ್ನು ಹೊಂದಿಸಬೇಕಾದ ಸಂಖ್ಯೆಗಳ ಪಟ್ಟಿಗೆ ಸೇರಿಸಿದೆ.

ಅಷ್ಟಾದರೂ ಬೇಸಿಗೆಯಲ್ಲಿ ಮಾಡೆಲ್ ಬಿಲ್ಲಿಗಿಂತ ಮೇಲೆ. ಯಾಕೆ ಅಂದರೆ ಮಾಡೆಲ್ ಇಡೀ ಮನೆಯನ್ನು ತಂಪು ಮಾಡುತ್ತಿತ್ತು. ಜನ ತಾವು ಕೂತ ಕೋಣೆಯನ್ನು ಮಾತ್ರ ತಂಪು ಮಾಡುತ್ತಾರೆ. "ನೆಲದ ಎಷ್ಟು ಪಾಲಿಗೆ ಏಸಿ" ಅನ್ನುವ ಸಂಖ್ಯೆಯನ್ನು ಬದಲಾಯಿಸಲು ಬಿಟ್ಟೆ. ಏಸಿಯ ಸೆಟ್‌ಪಾಯಿಂಟ್ (ಜನ ಏಸಿಯಲ್ಲಿ ಇಡುವ ಉಷ್ಣತೆ), ಗಾಳಿ ಸೋರಿಕೆ, ರಾತ್ರಿಯ ಬಿಸಿ ಕೂಡ ಸೇರಿದವು. ಈ ಸಂಖ್ಯೆಗಳ 500 ಬೇರೆ ಬೇರೆ ಜೋಡಣೆಗಳನ್ನು ಓಡಿಸಿದೆ. ಅಮೆರಿಕದ ಹೀಟಿಂಗ್-ಏಸಿ ಎಂಜಿನಿಯರ್‌ಗಳ ಸಂಘವಾದ ಆಶ್ರೇಯ ಗೈಡ್‌ಲೈನ್ 14 ತಿಂಗಳ ಲೆಕ್ಕಕ್ಕೆ ಎರಡು ಮಿತಿ ಹಾಕುತ್ತದೆ: ಒಟ್ಟಾರೆ ವಾಲಿಕೆ 5 ಶೇಕಡಾದೊಳಗೆ, ತಿಂಗಳುಗಳ ಏರುಪೇರಿನ ತಪ್ಪು 15 ಶೇಕಡಾದೊಳಗೆ. ಬಿಡಿ ಕಟ್ಟಡಕ್ಕೆಂದು ಮಾಡಿದ ಮಿತಿ ಅದು. ಆದರೂ ಪ್ರತಿ ಬ್ಲಾಕ್‌ಗೂ ಅದನ್ನೇ ಹಾಕಿದೆ.

ಒಂದಲ್ಲ, ಹತ್ತಾರು ಜೋಡಣೆಗಳು ಪಾಸಾದವು. ಸೆಟ್‌ಪಾಯಿಂಟ್ ಕೆಳಗಿಟ್ಟು ಕಡಿಮೆ ಕೋಣೆ ತಂಪು ಮಾಡಿದರೂ ಅದೇ ಬಿಲ್. ಮೇಲಿಟ್ಟು ಹೆಚ್ಚು ಕೋಣೆ ಮಾಡಿದರೂ ಅದೇ ಬಿಲ್. ತಿಂಗಳ ಮೊತ್ತ ಇವೆರಡನ್ನು ಬೇರ್ಪಡಿಸಲಾರದು. ಆದ್ದರಿಂದ "ಅತ್ಯುತ್ತಮ" ಅಂತ ಒಂದನ್ನೇ ಆರಿಸಲಿಲ್ಲ. ಪಾಸಾದ ಎಲ್ಲವನ್ನೂ ಇಟ್ಟುಕೊಂಡೆ.

ಚಾವಣಿ

ಈಗ ಮೊದಲ ಪ್ರಶ್ನೆ. ಬರೀ ಕಾಂಕ್ರೀಟು ಚಾವಣಿಯ ಯು-ವ್ಯಾಲ್ಯೂ 3 ಅಂತ ಹಿಡಿದು, ಅದರ ಮೇಲೆ ಶಾಖ ತಡೆಯುವ 50 ಮಿಲಿಮೀಟರ್ ಫೋಮ್ ಹಾಕಿದರೆ ಅದು 0.57ಕ್ಕೆ ಇಳಿಯುತ್ತದೆ. ಓಡಿಸಿದೆ. ಬೇಸಿಗೆಯಲ್ಲಿ ಉಳಿತಾಯ ಬಹಳ ಕಡಿಮೆ ಬಂತು. ಒಂದೇ ಮಹಡಿಯ ಮನೆಗಳಲ್ಲೂ ಅಷ್ಟೇ.

ಬೇಸಿಗೆಯ ಮಧ್ಯಾಹ್ನ ತಾರಸಿಯ ಕೆಳಗಿನ ಕೋಣೆಯಲ್ಲಿ ಕೂತ ಯಾರೂ ಇದನ್ನು ಒಪ್ಪುವುದಿಲ್ಲ. ಕೋಡನ್ನು ಮೇಲಿನಿಂದ ಓದಿದೆ. ಬಿಸಿಲು ಕಿಟಕಿಗಳಿಗೆ ಮಾತ್ರ ಹೋಗುತ್ತಿತ್ತು. ಚಾವಣಿಗೆ ಗೊತ್ತಿದ್ದದ್ದು ಬರೀ ಹೊರಗಿನ ಗಾಳಿಯ ಉಷ್ಣತೆ. ಚದರ ಮೀಟರ್‌ಗೆ 800 ವ್ಯಾಟ್ ಬಿಸಿಲಿದ್ದು, ಮೇಲ್ಮೈ ಅದರ 70 ಶೇಕಡಾ ಹೀರಿಕೊಂಡರೆ, ಹೊರಮೈಯಿಂದ ಗಾಳಿಗೆ ಶಾಖ ಹೋಗುವಾಗಿನ ತಡೆ 0.04 ಹಿಡಿದು ಲೆಕ್ಕ ಹಾಕಿ: ಚಾವಣಿಯ ಪಾಲಿಗೆ ಹೊರಗಿನ ಗಾಳಿ 22 ಡಿಗ್ರಿ ಜಾಸ್ತಿ ಬಿಸಿಯಾದ ಹಾಗೆ. ಆಕಾಶಕ್ಕೆ ಹೋಗುವ ಶಾಖವನ್ನು ಸ್ವಲ್ಪ ಕಳೆಯಬೇಕು, ಆದರೂ ಇದು ದೊಡ್ಡದು. ಇಷ್ಟನ್ನು ನಾನು ಪೂರ್ತಿ ಬಿಟ್ಟಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಚಾವಣಿಗೆ ಬಿಸಿಲೇ ಇಲ್ಲದ ಮಾಡೆಲ್ ಬಿಲ್ಲಿನ ಪರೀಕ್ಷೆಯಲ್ಲಿ ಪಾಸಾಗಿತ್ತು! ಬಿಟ್ಟುಹೋದ ಶಾಖವನ್ನು "ಹೆಚ್ಚು ಕೋಣೆಗೆ ಏಸಿ" ಅನ್ನುವ ಸಂಖ್ಯೆ ಸದ್ದಿಲ್ಲದೆ ತುಂಬಿಕೊಟ್ಟಿತ್ತು. ಬಿಸಿಲು ಸೇರಿಸಿ 500 ಓಟಗಳನ್ನೂ ಮತ್ತೆ ಮಾಡಿದೆ. ಪಾಸಾದ ಜೋಡಣೆಗಳಲ್ಲಿ ತಂಪು ಮಾಡುವ ನೆಲದ ಪಾಲು ಎಲ್ಲ ಕಡೆಯೂ ಕೆಳಗಿಳಿಯಿತು. ಆಮೇಲೆ ಚಾವಣಿಯ ಪದರ ಹಾಕಿ ಓಡಿಸಿದೆ.

ಉಳಿತಾಯ ಎಷ್ಟು ಅನ್ನುವುದು ಒಂದು ಜೋಡಣೆಯಿಂದ ಇನ್ನೊಂದಕ್ಕೆ ಸಾಕಷ್ಟು ಬದಲಾಗುತ್ತದೆ. ಹಾಗಾಗಿ ಬ್ಲಾಕ್‌ಗೆ ಒಂದೇ ಸಂಖ್ಯೆ ಕೊಡದೆ ಇಲ್ಲಿಂದ ಇಲ್ಲಿಯವರೆಗೆ ಅಂತ ಬರೆದಿದ್ದೇನೆ. ಆದರೆ ಯಾವ ಬ್ಲಾಕ್ ಮೊದಲು ಅನ್ನುವುದು ಅಷ್ಟಾಗಿ ಬದಲಾಗಲಿಲ್ಲ. ತಗ್ಗಾದ, ನೆರಳಿಲ್ಲದ, ಹಳೆಯ ಮನೆಗಳಿರುವ ಕೆಲವು ಸಾಲುಗಳು ಬಹುತೇಕ ಪ್ರತಿ ಓಟದಲ್ಲೂ ಮೇಲೆಯೇ ಬಂದವು.

ಅವುಗಳಲ್ಲಿ ಎರಡು ಸಾಲುಗಳ ಬಗ್ಗೆ ಮಾತ್ರ ಅನುಮಾನ ಉಳಿದಿದೆ. ಅಲ್ಲಿನ ಹೆಚ್ಚಿನ ಕಟ್ಟಡಗಳಿಗೆ ನಾನು ಮೊದಲ ವಾರ ಹಾಕಿದ "ಊಹೆ" ಗುರುತಿದೆ. ಒಂದು ಮಹಡಿ ಅಂತ ತುಂಬಿದ್ದೆ. ನಿಜವಾಗಿ ಮೂರಿದ್ದರೆ ಚಾವಣಿಯ ಪಾಲು ಮೂರನೇ ಒಂದಕ್ಕೆ ಇಳಿಯುತ್ತದೆ, ಸಾಲು ಪಟ್ಟಿಯಿಂದ ಕೆಳಗೆ ಹೋಗುತ್ತದೆ. ಆ ಎರಡು ಬೀದಿಗಳ ನಕ್ಷೆ ಪ್ರಿಂಟ್ ತೆಗೆದಿಟ್ಟಿದ್ದೇನೆ. ಈ ವಾರ ನಡೆದು ಹೋಗಿ ಮಹಡಿ ಎಣಿಸಿಕೊಂಡು ಬರುತ್ತೇನೆ.